ಬೆಂಗಳೂರಲ್ಲಿ ಸರಿಯಿದ್ದ ಟೈಮಿಂಗ್, ಶ್ರೀಪೆರಂಬುದೂರಲ್ಲಿ ಒಡೆದ ಪಿಸ್ಟನ್

ಎರಡನೇ ಸಿಲಿಂಡರಿನ ಹಳೆಯ ಪಿಸ್ಟನ್ ಇನ್ನೂ ನನ್ನ ಮೇಜಿನ ಮೇಲಿದೆ. ಮೊದಲ ರಿಂಗಿಗೂ ಎರಡನೇ ರಿಂಗಿಗೂ ನಡುವೆ ಇರುವ ದಂಡೆ ಹೆಬ್ಬೆರಳಿನ ಉಗುರಿನಷ್ಟು ಅಗಲ ಮುರಿದು ಬಿದ್ದಿದೆ. ತಲೆಯ ಅಂಚನ್ನು ಸವರಿದರೆ ಎಮರಿ ಪೇಪರ್ ಸವರಿದ ಹಾಗೆ ತರಿತರಿ. ನಡುಭಾಗ ಮಾತ್ರ ಚೆನ್ನಾಗಿದೆ. ಕರಗಿಲ್ಲ, ತೂತು ಬಿದ್ದಿಲ್ಲ. ಬೋರಿಂಗ್ ಅಂಗಡಿಯ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇದು ಸುಟ್ಟಿದ್ದಲ್ಲ ಸಾರ್, ಏಟು ತಿಂದಿದ್ದು" ಎಂದರು.

ಆ ಏಟು ನಾನು ಇಟ್ಟ ಟೈಮಿಂಗಿನಿಂದ ಬಿದ್ದದ್ದು. ಟೈಮಿಂಗ್ ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ ಎಷ್ಟು ಡಿಗ್ರಿ ತಿರುಗಬೇಕಿರುವಾಗ ಪ್ಲಗ್ ಕಿಡಿ ಕೊಡಬೇಕು ಅನ್ನುವ ಲೆಕ್ಕ. ಆಮೇಲೆ ಅದನ್ನು ಹೇಗೆ ಸರಿಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಟರ್ಬೊ ಹಾಕಿಸಿಕೊಂಡು ಟೈಮಿಂಗ್ ಇಡಲು ಹೊರಟ ಯಾರಿಗಾದರೂ ಒಂದು ಪಿಸ್ಟನ್ ಉಳಿದರೂ ಸಾಕು.

ಕಾರು ಹಳೆಯ 1.3 ಲೀಟರ್, 16 ವಾಲ್ವಿನ ಎಸ್ಟೀಮ್. ಅದಕ್ಕೊಂದು ಚಿಕ್ಕ ಟರ್ಬೊ, ಮುಂದೆ ಅದರ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್, ಇಂಜಿನ್ ನಡೆಸುವ ಕಂಪ್ಯೂಟರಾಗಿ ಸ್ಪೀಡುವಿನೊ ಇಸಿಯು. ಬೂಸ್ಟ್, ಅಂದರೆ ಟರ್ಬೊ ಕೊಡುವ ಹೆಚ್ಚಿನ ಒತ್ತಡ, 0.4 ಬಾರ್ ಅಷ್ಟೇ. ಟ್ರ್ಯಾಕಿಗೆ ಮಾತ್ರ ಓಡಿಸುವ ಗಾಡಿ, ಲಾರಿ ಮೇಲೆ ಹಾಕಿಕೊಂಡು ಹೋಗುತ್ತೇನೆ. ಹೀಗೆ ಬದಲಾಯಿಸಿದ ಗಾಡಿಯನ್ನು ಸುಮ್ನೆ ರಸ್ತೆಗಿಳಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಬಿಟ್ಟರೂ ಟೈಮಿಂಗ್ ಕೆಲಸ ರಸ್ತೆಯಲ್ಲಿ ಮಾಡುವಂಥದ್ದಲ್ಲ.

ನಾಕ್ ಯಾಕೆ ಆಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಪ್ಲಗ್ ಕಿಡಿ ಕೊಟ್ಟ ಕೂಡಲೇ ಸಿಲಿಂಡರ್ ಪೂರ್ತಿ ಒಮ್ಮೆಗೇ ಹೊತ್ತಿಕೊಳ್ಳುವುದಿಲ್ಲ. ಕಬ್ಬಿನ ರವದಿಗೆ ಒಂದು ಮೂಲೆಯಿಂದ ಬೆಂಕಿ ಇಟ್ಟರೆ ಸಾಲು ಸಾಲಾಗಿ ಉರಿಯುತ್ತಾ ಹೋಗುತ್ತದಲ್ಲ, ಹಾಗೆ ನಡುವಿನಿಂದ ಅಂಚಿಗೆ ಹರಡುತ್ತದೆ. ಅಂಚಿನಲ್ಲಿ ಉಳಿದಿರುವ ಕೊನೆಯ ಪಾಲು ಅಷ್ಟು ಹೊತ್ತಿಗೆ ಹಿಂಡಿಸಿಕೊಂಡು ಕಾದಿರುತ್ತದೆ. ಬೆಂಕಿ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ ಅದೇ ನಾಕ್. ಟರ್ಬೊ ಗಾಳಿಯನ್ನು ಜಾಸ್ತಿ ತುಂಬುತ್ತದೆ, ಬಿಸಿ ಮಾಡಿಯೂ ತುಂಬುತ್ತದೆ. ಹಾಗಾಗಿ ಕಿಡಿಯನ್ನು ತಡ ಮಾಡಲೇಬೇಕು. ಬೇಗ ಕೊಟ್ಟರೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒತ್ತಡ ಏರಿಬಿಡುತ್ತದೆ. ಒತ್ತಡದ ತುದಿ ಪಿಸ್ಟನ್ ಮೇಲಿನ ತುದಿ ದಾಟಿ ಸುಮಾರು 15 ಡಿಗ್ರಿ ಇಳಿದಾಗ ಬಂದರೆ ಶಕ್ತಿ ಚೆನ್ನಾಗಿ ಸಿಗುತ್ತದೆ. 4000 ಆರ್‌ಪಿಎಂನಲ್ಲಿ ಕ್ರ್ಯಾಂಕ್ 24 ಡಿಗ್ರಿ ತಿರುಗಲು ಹಿಡಿಯುವುದು 1 ಮಿಲಿಸೆಕೆಂಡ್. ನಾವು ಲ್ಯಾಪ್‌ಟಾಪಿನಲ್ಲಿ ಒಂದು ಡಿಗ್ರಿ ಆಚೆ ಈಚೆ ಅನ್ನುವುದು ಇಷ್ಟು ಸಣ್ಣ ಹೊತ್ತಿನ ಮಾತು.

ಮೊದಲ ಸಲ ಟೈಮಿಂಗ್ ಮ್ಯಾಪ್ ಮಾಡಿದ್ದು ಬೆಂಗಳೂರಿನ ಒಂದು ಡೈನೊದಲ್ಲಿ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ), ಡಿಸೆಂಬರ್ ಬೆಳಿಗ್ಗೆ. ಹೊರಗೆ 24 ಡಿಗ್ರಿ, ಇಂಜಿನ್ನಿಗೆ ಹೋಗುವ ಗಾಳಿ 39 ಡಿಗ್ರಿ. 95 ಆಕ್ಟೇನ್ ಪೆಟ್ರೋಲ್. ಎಲ್ಲ ನೀಟಾಗಿತ್ತು. ಮುಂದಿನ ಏಪ್ರಿಲ್‌ನಲ್ಲಿ ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಟ್ರ್ಯಾಕಿಗೆ ಹೋದೆ. ಮೂರನೇ ಸುತ್ತಿನ ಕೊನೆಯಲ್ಲಿ ಇಂಜಿನ್ ಎಳೆತ ಕಡಿಮೆಯಾಯಿತು, ಬ್ರೀದರ್ ಪೈಪಿನಿಂದ ಹೊಗೆ ಬಂತು. ಕಂಪ್ರೆಷನ್ ನೋಡಿದರೆ ಮೂರು ಸಿಲಿಂಡರ್ 155 ಪಿಎಸ್‌ಐ ಆಸುಪಾಸು, ಎರಡನೆಯದು 80. ಹೆಲ್ಮೆಟ್ ಹಾಕಿಕೊಂಡಿದ್ದ ನನಗೆ ನಾಕಿನ ಸದ್ದು ಒಂದು ಸಲವೂ ಕೇಳಿಸಿರಲಿಲ್ಲ.

ಮನೆಗೆ ಬಂದು ಇಸಿಯು ಬರೆದಿಟ್ಟ ಲಾಗ್ ತೆಗೆದು ಕೂತೆ. ಮ್ಯಾನಿಫೋಲ್ಡ್ ಒತ್ತಡದ ಗೆರೆ ನೋಡಿದಾಗಲೇ ವಿಷಯ ತಿಳಿದದ್ದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ 91 ಕಿಲೋಪಾಸ್ಕಲ್ ಸುಮಾರು. ಅದರ ಮೇಲೆ 0.4 ಬಾರ್, ಅಂದರೆ 40 ಕಿಲೋಪಾಸ್ಕಲ್, ಸೇರಿದರೆ 131. ಶ್ರೀಪೆರಂಬುದೂರು ಹೆಚ್ಚು ಕಡಿಮೆ ಸಮುದ್ರ ಮಟ್ಟ, ಅಲ್ಲಿ 101. ಬೂಸ್ಟ್ ಮಿತಿ ದಾಟದಂತೆ ತಡೆಯುವ ಕವಾಟವಾದ ವೇಸ್ಟ್‌ಗೇಟಿನ ಸ್ಪ್ರಿಂಗು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ ನೋಡುತ್ತದೆ. ಹಾಗಾಗಿ ಅದೇ ಸ್ಪ್ರಿಂಗು, ಅದೇ 0.4 ಬಾರ್, ಆದರೆ ಸಿಲಿಂಡರಿಗೆ ಹೋದದ್ದು 141. ಬೂಸ್ಟ್ ಗೇಜಿನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಇನ್ನೊಂದು ತಪ್ಪೂ ಸೇರಿಕೊಂಡಿತ್ತು. ಟೈಮಿಂಗ್ ಟೇಬಲ್ ಅಂದರೆ ಚೌಕಾಬಾರದ ಮನೆಗಳ ಹಾಗೆ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಒತ್ತಡ, ಪ್ರತಿ ಮನೆಯಲ್ಲಿ ಒಂದು ಡಿಗ್ರಿ. ನನ್ನ ಟೇಬಲ್ಲಿನ ಮೇಲಿನ ಸಾಲು 130ಕ್ಕೇ ನಿಂತಿತ್ತು. ಅದಕ್ಕಿಂತ ಮೇಲೆ ಹೋದರೆ ಇಸಿಯು ಕೊನೆಯ ಸಾಲನ್ನೇ ಹಿಡಿದುಕೊಳ್ಳುತ್ತದೆ. 141ಕ್ಕೆ ಇನ್ನೂ ಮೂರು ನಾಲ್ಕು ಡಿಗ್ರಿ ಹಿಂದೆ (ಅಂದರೆ ತಡವಾಗಿ) ಬರಬೇಕಿದ್ದ ಕಿಡಿ 130ರ ಲೆಕ್ಕದಲ್ಲೇ ಬಿದ್ದಿದೆ. ಜೊತೆಗೆ ಒಳಹೋಗುವ ಗಾಳಿ 62 ಡಿಗ್ರಿ. ಕರಾವಳಿ ಕಡೆಯ ತೇವದ ಗಾಳಿ ನಾಕನ್ನು ಸ್ವಲ್ಪ ತಗ್ಗಿಸುತ್ತದೆ, ನಿಜ. ಆದರೆ ಆ ಬಿಸಿಯ ಮುಂದೆ ಅದು ಏನೂ ಸಾಲಲಿಲ್ಲ.

ಇಂಜಿನ್ ಮತ್ತೆ ಕಟ್ಟಿದ ಮೇಲೆ ಲ್ಯಾಪ್‌ಟಾಪ್ ಮುಟ್ಟುವ ಮುಂಚೆ ಪುಲ್ಲಿಯ ಗುರುತು ನಿಜವೇ ಅಂತ ನೋಡಿದೆ. ರಬ್ಬರ್ ಇರುವ ಪುಲ್ಲಿಯಲ್ಲಿ ಹೊರಗಿನ ಬಳೆ ಜಾರಿರಬಹುದು. ಜಾರಿದ್ದರೆ ಟೈಮಿಂಗ್ ಲೈಟ್ ಸುಳ್ಳು ಹೇಳುತ್ತದೆ. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು, ಆ ಜಾಗಕ್ಕೆ ತುದಿ ದುಂಡಗೆ ಮಾಡಿದ ಬೋಲ್ಟ್ ಕೂರಿಸಿ ಒಂದು ಸ್ಟಾಪರ್ ಮಾಡಿಕೊಂಡೆ. ಅದನ್ನು ಮೊದಲನೇ ಸಿಲಿಂಡರಿಗೆ ಹಾಕಿ, ಕ್ರ್ಯಾಂಕನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಪಿಸ್ಟನ್ ತಾಗಿ ನಿಂತಲ್ಲಿ ಪುಲ್ಲಿಗೆ ಒಂದು ಗೆರೆ. ಹಿಂದಕ್ಕೆ ತಿರುಗಿಸಿ, ಮತ್ತೆ ತಾಗಿ ನಿಂತಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಇರುವುದೇ ನಿಜವಾದ ಮೇಲಿನ ತುದಿ. ಗುರುತು ಸರಿಯಾಗೇ ಇತ್ತು. ಆಮೇಲೆ ಇಸಿಯುನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ ಲೈಟ್ ಹಿಡಿದೆ. ಐಡಲಿನಲ್ಲಿ 10. 5000ಕ್ಕೆ ಏರಿಸಿದರೆ 8. ಸೆನ್ಸರಿನಿಂದ ಕಾಯಿಲ್‌ವರೆಗೆ ಆಗುವ ಚೂರು ತಡ ವೇಗ ಏರಿದಂತೆ ಡಿಗ್ರಿಯಲ್ಲಿ ದೊಡ್ಡದಾಗುತ್ತದೆ. ಅದನ್ನು ಸರಿಮಾಡಿದ ಮೇಲೆ ಐಡಲಿನಲ್ಲೂ 10, 5000ದಲ್ಲೂ 10. ಇದಾಗದೆ ಟೇಬಲ್ಲಿನ ಯಾವ ಅಂಕಿಯನ್ನೂ ನಂಬಬೇಡಿ.

ಕಿವಿಗೆ ಒಂದು ಸಾಧನ ಮಾಡಿಕೊಂಡೆ. ತಾಮ್ರದ ಕೊಳವೆಯ ಒಂದು ತುದಿ ಚಪ್ಪಟೆ ಮಾಡಿ, ತೂತು ಕೊರೆದು, ಬ್ಲಾಕಿನ ಬೋಲ್ಟಿಗೆ ಬಿಗಿದೆ. ಇನ್ನೊಂದು ತುದಿಯಿಂದ ರಬ್ಬರ್ ಪೈಪು, ಅದು ಸೇರುವುದು ಕಿವಿ ಮುಚ್ಚುವ ಇಯರ್‌ಮಫ್‌ಗೆ. ಅದರೊಳಗೆ ಇಂಜಿನ್ ಸದ್ದು ದೂರದ ಗಿರಣಿಯ ಹಾಗೆ ಒಂದೇ ಸಮ ಕೇಳುತ್ತದೆ. ನಾಕ್ ಬಂದರೆ ಕಾದ ಎಣ್ಣೆಗೆ ಬಿದ್ದ ಸಾಸಿವೆ ಸಿಡಿದ ಹಾಗೆ. ಒಂದು ಕಾಳು ಚಟ್ ಅಂದರೂ ತಪ್ಪಿಹೋಗುವುದಿಲ್ಲ. ಇದರ ಜೊತೆ ಬ್ಲಾಕಿಗೆ ನಾಕ್ ಸೆನ್ಸರನ್ನೂ ಹಾಕಿದೆ. ಬೋರ್ 74 ಮಿಲಿಮೀಟರ್ ಇರುವುದರಿಂದ ನಾಕ್ ಸುಮಾರು 7.5 ಕಿಲೋಹರ್ಟ್ಸ್ ಹತ್ತಿರ ಗುಂಯ್‌ಗುಡುತ್ತದೆ, ಫಿಲ್ಟರನ್ನು ಅಲ್ಲಿಗೆ ಇಟ್ಟೆ. ಸೆನ್ಸರ್ ಬೋಲ್ಟನ್ನು 20 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಸಡಿಲ ಆದರೂ, ಜಾಸ್ತಿ ಆದರೂ ಅದು ಸರಿಯಾಗಿ ಕೇಳುವುದಿಲ್ಲ.

ಪ್ಲಗ್ ಒಂದು ಮೆಟ್ಟಿಲು ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು, ಎನ್‌ಜಿಕೆ ಕಂಪನಿಯದರಲ್ಲಿ 6ರ ಬದಲು 7. ಗ್ಯಾಪ್ 0.7 ಮಿಲಿಮೀಟರ್. ಬೂಸ್ಟಿನಲ್ಲಿ ಲ್ಯಾಂಬ್ಡಾ 0.80 (1 ಅಂದರೆ ಪೆಟ್ರೋಲಿಗೆ ಸರಿಯಾಗಿ ಸಾಲುವಷ್ಟು ಗಾಳಿ, ಕಡಿಮೆಯಾದರೆ ಪೆಟ್ರೋಲ್ ಜಾಸ್ತಿ). ಈಗ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುವುದರಿಂದ, ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವ ಹಳೆಯ ಲೆಕ್ಕ ಹಿಡಿಯಬೇಡಿ, ಲ್ಯಾಂಬ್ಡಾದಲ್ಲೇ ಓದಿ.

ಇನ್ನು ಡೈನೊ. ಟೇಬಲ್ಲನ್ನು ಮೊದಲೇ 160ರವರೆಗೆ ಬೆಳೆಸಿ, ಮೇಲಿನ ಸಾಲುಗಳಲ್ಲಿ ಬೇಕೆಂದೇ ಕಡಿಮೆ ಡಿಗ್ರಿ ತುಂಬಿದ್ದೆ. 4000 ಆರ್‌ಪಿಎಂ, 130 ಕಿಲೋಪಾಸ್ಕಲ್. ಇಂಜಿನ್ ಅಲ್ಲೇ ನಿಲ್ಲುವ ಹಾಗೆ ಡೈನೊ ಹಿಡಿದುಕೊಂಡಿತು. 12 ಡಿಗ್ರಿಯಿಂದ ಶುರು. 14ಕ್ಕೆ ಏರಿಸಿದಾಗ ಟಾರ್ಕ್ 6 ನ್ಯೂಟನ್ ಮೀಟರ್ ಹೆಚ್ಚಿತು. 16ಕ್ಕೆ ಇನ್ನು 3. 18ಕ್ಕೆ ಬರೀ ಒಂದೂವರೆ. 19ಕ್ಕೆ ಟಾರ್ಕ್ ಅಲ್ಲಾಡಲೇ ಇಲ್ಲ, ಕಿವಿಯಲ್ಲಿ ಒಂದು ಸಾಸಿವೆ ಚಟ್ ಅಂತು. ಕೂಡಲೇ ಆಕ್ಸಿಲರೇಟರ್ ಬಿಟ್ಟೆ.

ಈ ನಾಲ್ಕು ಅಂಕಿಗಳನ್ನು ನಿಧಾನವಾಗಿ ನೋಡಿ. ಮೊದಲ ಸಲ ನಾನು 18ರಲ್ಲೇ ನಿಲ್ಲಿಸಿದ್ದೆ, ಯಾಕಂದರೆ ಡೈನೊ ಹಾಳೆಯಲ್ಲಿ ಅದೇ ಜಾಸ್ತಿ ತೋರಿಸುತ್ತಿತ್ತು. ಕೊನೆಯ ಎರಡು ಡಿಗ್ರಿಗೆ ಸಿಕ್ಕಿದ್ದು ಒಂದೂವರೆ ನ್ಯೂಟನ್ ಮೀಟರ್, ಕೊಟ್ಟದ್ದು ನಾಕ್‌ಗೂ ನಮಗೂ ನಡುವೆ ಇದ್ದ ಅಷ್ಟೂ ಅಂತರ. ಈ ಸಲ ಅಲ್ಲಿ 16 ಇಟ್ಟೆ. ಸೀಟಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಹಾಗಂತ ಭಯಪಟ್ಟು 10ಕ್ಕೋ 8ಕ್ಕೋ ಇಳಿಸಿ ಕೂರುವುದೂ ಸರಿಯಲ್ಲ. ತಡವಾಗಿ ಹೊತ್ತಿದ್ದು ಎಗ್ಸಾಸ್ಟಿನಲ್ಲೂ ಉರಿಯುತ್ತಾ ಹೋಗುತ್ತದೆ. ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ, ಬಿರುಕು ಬಿಡುತ್ತದೆ, ಟರ್ಬೊ ಬೇಯುತ್ತದೆ. ಟಾರ್ಕ್ ಜಾಸ್ತಿ ಇರುವ ಕಡೆ, ನನ್ನ ಇಂಜಿನ್ನಿನಲ್ಲಿ 3500ರಿಂದ 4500, ಟೇಬಲ್ ತಗ್ಗಾಗಿರಬೇಕು. ಅಲ್ಲಿ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ಕೊನೆಯ ಪಾಲಿಗೆ ಕಾಯಲು ಹೊತ್ತೂ ಸಿಗುತ್ತದೆ. 6000ದ ಮೇಲೆ ಆ ಹೊತ್ತು ಇರುವುದಿಲ್ಲ, ಎರಡು ಮೂರು ಡಿಗ್ರಿ ಮುಂದೆ (ಅಂದರೆ ಬೇಗ) ಹಾಕಬಹುದು.

ಆಮೇಲೆ ಶ್ರೀಪೆರಂಬುದೂರನ್ನು ಬೆಂಗಳೂರಿಗೇ ತರಬೇಕಿತ್ತು. ಬೂಸ್ಟನ್ನು 0.5 ಬಾರಿಗೆ ಏರಿಸಿದೆ, ಇಲ್ಲೇ 141 ಬಂತು. ಇಂಟರ್‌ಕೂಲರ್ ಮುಂದಿನ ಫ್ಯಾನ್ ಆರಿಸಿ ಗಾಳಿಯ ಬಿಸಿ 60 ದಾಟುವವರೆಗೆ ಕಾದೆ. ಡೈನೊದವರಿಗೆ ಇದು ಇಷ್ಟವಾಗಲಿಲ್ಲ. ಆದರೆ ನನಗೆ ಬೇಕಾಗಿದ್ದ ಅಂಕಿಗಳೆಲ್ಲ ಆ ಅರ್ಧ ಗಂಟೆಯಲ್ಲೇ ಸಿಕ್ಕಿದ್ದು. 140ರ ಸಾಲಿನಲ್ಲಿ 4000ಕ್ಕೆ 15 ಡಿಗ್ರಿ ನಿಂತಿತು. ಗಾಳಿಯ ಬಿಸಿಗೆ ಬೇರೆ ಟೇಬಲ್ ಮಾಡಿದೆ: 40ರವರೆಗೆ ಏನೂ ಇಲ್ಲ, 50ಕ್ಕೆ 2 ಡಿಗ್ರಿ ಹಿಂದೆ, 60ಕ್ಕೆ 4, 70ಕ್ಕೆ 7. ನಾಕ್ ಸೆನ್ಸರ್ ಏನಾದರೂ ಕೇಳಿದರೆ ತಟ್ಟನೆ 3 ಡಿಗ್ರಿ ಹಿಂದೆ, ವಾಪಸ್ ಬರುವುದು ಸೆಕೆಂಡಿಗೆ ಒಂದೇ ಡಿಗ್ರಿ. ಅದು ಕಡೆಯ ಕಾವಲು. ಅದಿದೆ ಅಂತ ಟೇಬಲ್ಲನ್ನು ಮುಂದೆ ತಳ್ಳಬಾರದು.

ಒಂದು ಎಚ್ಚರಿಕೆ. ಟೈಮಿಂಗ್ ಹಿಂದೆ ಹಾಕಿದರೂ ಸದ್ದು ನಿಲ್ಲದಿದ್ದರೆ ಅದು ನಾಕ್ ಅಲ್ಲದೆ ಇರಬಹುದು. ಕೆಂಡವಾದ ಪ್ಲಗ್ಗೋ ಇಂಗಾಲದ ಚೂರೋ ಕಿಡಿಗೂ ಮೊದಲೇ ಹೊತ್ತಿಸುತ್ತಿರಬಹುದು. ಅಲ್ಲಿಗೆ ಡೈನೊ ನಿಲ್ಲಿಸಿಬಿಡಿ.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಶ್ರೀಪೆರಂಬುದೂರಿಗೆ ಹೋದೆ. ಐದು ಸುತ್ತು ಓಡಿಸಿ, ಇಂಜಿನ್ ಆರಿಸಿ, ಪಿಟ್‌ನಲ್ಲೇ ಪ್ಲಗ್ ಬಿಚ್ಚಿದೆ. ನಾಕ್ ಆಗಿದ್ದರೆ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಇನ್ನೂ ಜಾಸ್ತಿಯಾಗಿದ್ದರೆ ಅಲ್ಯೂಮಿನಿಯಂನ ಹೊಳೆಯುವ ಸಣ್ಣ ಹರಳು ಕಾಣುತ್ತದೆ. ಭೂತಗನ್ನಡಿ ಹಿಡಿದು ನಾಲ್ಕನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ. ಲಾಗಿನಲ್ಲಿ ಒತ್ತಡ 141, ಗಾಳಿ 58, ಟೈಮಿಂಗ್ 11ರಿಂದ 12ರ ನಡುವೆ. ಗೆಳೆಯ ಪಕ್ಕದಲ್ಲಿ ನಿಂತು "ಇನ್ನೊಂದೆರಡು ಡಿಗ್ರಿ ಹಾಕೋಣ್ವಾ?" ಅಂದ. ಬೇಡ ಅಂದೆ. ಬೇಕಿರುವುದು ಆ 58ನ್ನು ಕೆಳಗಿಳಿಸುವುದು. ಬಂಪರಿನಿಂದ ಇಂಟರ್‌ಕೂಲರಿಗೆ ಗಾಳಿ ನೇರ ನುಗ್ಗಲು ತಗಡಿನ ದಾರಿ ಮಾಡಬೇಕು, ಅದರ ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟಿದ್ದೇನೆ.