ಬಜೆ ಮನೆಯಲ್ಲಿರಲಿ, ಮಗುವಿನ ಬಾಯಿಗೆ ಬೇಡ

ನಮ್ಮ ಕಾಸರಗೋಡಿನ ಕಡೆ ಬಾಳಂತಿ ಇರುವ ಮನೆಯಲ್ಲಿ ಒಂದು ತುಂಡು ಬಜೆ ಇದ್ದೇ ಇರುತ್ತದೆ. ನೆರೆಕರೆಯ ಮಲಯಾಳಿಗಳು ವಯಂಬು ಅಂತಾರೆ. ಅವರಲ್ಲಿ ಚಿನ್ನದ ಜೊತೆ ಜೇನಿನಲ್ಲಿ ತೇದು ಹಸುಗೂಸಿನ ನಾಲಿಗೆಗೆ ಸವರುವ ಕ್ರಮ. ನಮ್ಮಲ್ಲಿ ಎದೆಹಾಲಿನಲ್ಲಿ ತೇದು ಕೊಡುವವರು ಜಾಸ್ತಿ. ಮಾತು ಬೇಗ ಬರಲಿ, ಹೊಟ್ಟೆ ಉಬ್ಬರ ಇಳಿಯಲಿ ಅಂತ. ಎಷ್ಟೋ ಬಾಳಂತನ ನೋಡಿದ ಮುದುಕಿ ನಾನು. ಆದರೂ ಹೇಳುತ್ತೇನೆ, ಅದು ಬೇಡ.

ಬಜೆ ಅಂಥ ಸಾಧು ಗಿಡ ಅಲ್ಲ. ತೋಟದ ತೋಡಿನ ಬದಿಯ ಕೆಸರಿನಲ್ಲಿ ಕತ್ತಿಯ ಹಾಗೆ ಎಲೆ ಎತ್ತಿ ನಿಂತಿರುತ್ತದೆ. ಎಲೆ ಉಜ್ಜಿದರೇ ಘಮ್ಮೆನ್ನುತ್ತದೆ. ಮದ್ದಿಗೆ ಬಳಸುವುದು ಮಣ್ಣಿನಲ್ಲಿ ಅಡ್ಡಡ್ಡ ಹರಿಯುವ, ಮೈತುಂಬ ಗಂಟು ಗಂಟಿರುವ ಅದರ ಬೇರು. ಅದರ ಎಣ್ಣೆಯಲ್ಲಿ ಬೀಟಾ ಅಸರೋನ್ ಅನ್ನುವ ಅಂಶ ಇದೆ. ಇಲಿಗಳಿಗೆ ತಿನ್ನಿಸಿ ನೋಡಿದಾಗ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ತಿನ್ನುವ ವಸ್ತುಗಳಿಗೆ ಹಾಕುವುದನ್ನು ನಿಲ್ಲಿಸಿದರು. ತಮಾಷೆ ಅಂದರೆ, ಅಲ್ಲಿನ ಮೂಲದ ಬಜೆಯಲ್ಲಿ ಈ ಅಂಶ ಇಲ್ಲ. ನಮ್ಮ ದೇಶದ ಬಜೆಯಲ್ಲೇ ಅದು ಜಾಸ್ತಿ.

ನಮ್ಮ ವೈದ್ಯರಿಗೂ ಬಜೆಯ ಗುಣ ಗೊತ್ತಿತ್ತು. ಪ್ರಮಾಣ ಹೆಚ್ಚಾದರೆ ವಾಂತಿ ಬರಿಸುವ ಮದ್ದು ಅದು. ಆಯುರ್ವೇದದಲ್ಲಿ ಗೋಮೂತ್ರ, ಕಷಾಯಗಳಲ್ಲಿ ಬೇಯಿಸಿ ಶುದ್ಧಿ ಮಾಡುವ ಕ್ರಮವೇ ಇದೆ. ನಾವೋ, ಅಂಗಡಿಯಿಂದ ತಂದದ್ದನ್ನು ಸೀದಾ ಸಾಣೆಕಲ್ಲಿಗೆ ತೇಯುತ್ತೇವೆ. ಎರಡು ಸುತ್ತೋ ಹತ್ತು ಸುತ್ತೋ, ತೇದವರ ಕೈಯಲ್ಲಿದೆ. ಕಲ್ಲು, ನೀರು, ಬೆರಳು ಎಷ್ಟು ಚೊಕ್ಕ ಅಂತಲೂ ಹೇಳಲಿಕ್ಕಾಗುವುದಿಲ್ಲ. ಜೇನಂತೂ ಒಂದು ವರ್ಷ ತುಂಬುವವರೆಗೆ ತೋರಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ, ಮಗುವಿನ ಮೈ ಸೋತು ಹೋಗುತ್ತದೆ. 6 ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಡಾಕ್ಟರು ಬರೆದುಕೊಟ್ಟ ಮದ್ದು ಬೇರೆ ಮಾತು. ಕರಿದಾರಕ್ಕೆ ಬಜೆ ತುಂಡು ಪೋಣಿಸಿ ಕೈಗೆ ಕಟ್ಟುವುದೂ ಬೇಡ. ಮಗು ಕೈ ಬಾಯಿಗೆ ಹಾಕದೆ ಇರುತ್ತದಾ? ತುಂಡು ಬಿಚ್ಚಿಬಂದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಬೇರೆ.

ಸಂಜೆಯಾದ ಕೂಡಲೇ ರಚ್ಚೆ ಹಿಡಿಯುವ ಮಗುವಿಗೆ ಏನು ಮಾಡುವುದು? ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ಸವರಿ, ತೇಗು ಬರಲಿ. ಅಂಗೈಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಬೆಚ್ಚಗೆ ಮಾಡಿಕೊಂಡು ಹೊಕ್ಕುಳಿನ ಸುತ್ತ ಮೆತ್ತಗೆ ತಿರುಗಿಸಿ. ಹೊಕ್ಕುಳು ಒಣಗಿ ಬಿದ್ದಿರಬೇಕು, ಇಲ್ಲದಿದ್ದರೆ ಆ ಜಾಗ ಮುಟ್ಟಬೇಡಿ. ಎರಡೂ ಕಾಲು ಹಿಡಿದು ಮೊಣಕಾಲು ಹೊಟ್ಟೆಯ ಕಡೆಗೆ ಮಡಚಿ ಬಿಡಿಸಿ, ಗಾಳಿ ಹೋಗುತ್ತದೆ. ಈ ಅಳು ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಹಾಲು ಬಿಟ್ಟರೆ, ಹಸಿರು ವಾಂತಿ ಬಂದರೆ, ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದು ಮೈ ಬಿಸಿಯಾದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ನಡೆಯಿರಿ.

ಅತ್ತೆಯವರಿಗೆ ಹೇಗೆ ಹೇಳುವುದು ಅಂತ ಕೇಳುವ ಸೊಸೆಯಂದಿರಿದ್ದಾರೆ. ಜಗಳ ಯಾಕೆ? "ಡಾಕ್ಟ್ರು ಬೇಡ ಅಂದಿದ್ದಾರೆ ಅತ್ತೇ, ಮೀಸುವ ಕೆಲಸ ನೀವೇ ಮಾಡಿ, ನನಗೆ ಹೆದರಿಕೆ" ಅನ್ನಿ. ಎಣ್ಣೆ ಹಚ್ಚಿ ಮೀಸಲಿಕ್ಕೆ ಸಿಕ್ಕರೆ ಯಾವ ಅಜ್ಜಿಯೂ ಬಜೆ ನೆನಪಿಸಿಕೊಳ್ಳುವುದಿಲ್ಲ.

ದೊಡ್ಡವರೂ ಗಂಟಲು ಕಟ್ಟಿತೆಂದು ದಿನಾ ಜಗಿಯುವುದು ಬೇಡ. ಬಸುರಿಯರು ಮುಟ್ಟಲೇಬಾರದು. ಫಿಟ್ಸಿನ ಮದ್ದು, ನಿದ್ದೆ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಬೇಡಿ.

ಹಾಗಾದರೆ ತೋಡಿನ ಬದಿಯ ಬಜೆ ಕಿತ್ತು ಬಿಸಾಡಬೇಕಾ? ಸುಮ್ನೆ ಯಾಕೆ! ಹುಳುಹುಪ್ಪಟೆಗೆ ಅದರ ವಾಸನೆ ಆಗುವುದಿಲ್ಲ. ಬೇರು ತೊಳೆದು, ತುಂಡು ಮಾಡಿ, ಬಿಸಿಲಿಗೆ ಗರಿಗರಿ ಒಣಗಿಸಿ. ಹಳೇ ಪಂಚೆಯ ಚೂರಿನಲ್ಲಿ ಕಟ್ಟಿ ರೇಷ್ಮೆ ಸೀರೆಯ ಕಪಾಟಿನಲ್ಲಿ, ಪುಸ್ತಕಗಳ ಹಿಂದೆ ಇಡಿ. ಬಿತ್ತಲಿಕ್ಕೆಂದು ತೆಗೆದಿಟ್ಟ ಸೌತೆ, ಬೆಂಡೆ ಬೀಜಕ್ಕೆ ಒಲೆಯ ಬೂದಿಯ ಜೊತೆ ಬಜೆ ಪುಡಿ ಬೆರೆಸಬಹುದು. ಉಣ್ಣುವ ಅಕ್ಕಿಗೆ ಮಾತ್ರ ಪುಡಿ ಹಾಕಬೇಡಿ. ಒಣಗಿದ ಬಜೆ ಶುಂಠಿಯ ಹಾಗೇ ಕಾಣುತ್ತದೆ, ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಇಡುವುದೂ ಬೇಡ.