ಸರ್ಫಿಂಗ್ ಸಾಮಾನು: ಅಂಗಡಿಯಲ್ಲಾ, ಆನ್‌ಲೈನಾ?

ಬೆಂಗಳೂರಿಂದ ಮೂಲ್ಕಿಗೆ ಸರ್ಫಿಂಗ್ ಕಲಿಯಲು ಹೋಗುವವರೇ, ಬೋರ್ಡನ್ನು ಮಾತ್ರ ಸುಮ್ನೆ ಫೋಟೋ ನೋಡಿ ಆನ್‌ಲೈನ್‌ನಲ್ಲಿ ತರಿಸಬೇಡಿ. ಮೊದಲು ಬಾಡಿಗೆಯ ಫೋಮ್ ಬೋರ್ಡಿನಲ್ಲಿ ಕಲಿಯಿರಿ. ನಿಮ್ಮ ತೂಕಕ್ಕೆ ಎಷ್ಟು ಲೀಟರಿನ (ಬೋರ್ಡಿನ ಗಾತ್ರದ ಅಳತೆ) ಬೋರ್ಡ್ ಬೇಕೆಂದು ಕಲಿಸುವವರನ್ನೇ ಕೇಳಿ. ಅಲ್ಲಿಯವರ ಹತ್ತಿರ ಕೊಂಡರೆ ದುಡ್ಡು ಸ್ವಲ್ಪ ಜಾಸ್ತಿ ಆಗಬಹುದು. ಆದರೆ ಬಿರುಕು ಬಿಟ್ಟಾಗ ರಿಪೇರಿಗೆ ಅವರೇ ಬೇಕು ಅಲ್ವಾ? ಕೊರಿಯರ್‌ನಲ್ಲಿ ಪೆಟ್ಟು ತಿಂದ ಬೋರ್ಡನ್ನು ವಾಪಸ್ ಕಳಿಸುವುದು ದೊಡ್ಡ ತಲೆನೋವು.

ರ‍್ಯಾಶ್ ಗಾರ್ಡ್ (ಮೈ ತರಚದಂತೆ ತೊಡುವ ಬಿಗಿ ಅಂಗಿ), ವ್ಯಾಕ್ಸ್ (ಕಾಲು ಜಾರದಂತೆ ಬೋರ್ಡಿಗೆ ಹಚ್ಚುವ ಮೇಣ) ಆನ್‌ಲೈನ್‌ನಲ್ಲೇ ತಗೊಳ್ಳಿ. ವ್ಯಾಕ್ಸ್ ಮೇಲೆ ‘ಟ್ರಾಪಿಕಲ್’ ಅಂತ ಇರಬೇಕು. ತಣ್ಣೀರಿನ ವ್ಯಾಕ್ಸ್ ನಮ್ಮ ಬೆಚ್ಚಗಿನ ಕಡಲಲ್ಲಿ ಮೆತ್ತಗಾಗಿ ಹೋಗುತ್ತದೆ. ಫಿನ್ (ಬೋರ್ಡಿನ ಅಡಿಯ ರೆಕ್ಕೆ) ತರಿಸುವ ಮುಂಚೆ ಬೋರ್ಡಿನಲ್ಲಿ ಅದು ಕೂರುವ ಬಾಕ್ಸ್ ಯಾವ ಕಂಪನಿಯದು, ಎಫ್‌ಸಿಎಸ್‌ನದಾ, ಫ್ಯೂಚರ್ಸ್‌ನದಾ ನೋಡಿ. ಒಂದರ ಫಿನ್ ಇನ್ನೊಂದಕ್ಕೆ ಕೂರುವುದಿಲ್ಲ. ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಹೆಚ್ಚುಕಮ್ಮಿ ಬೋರ್ಡಿನಷ್ಟೇ ಉದ್ದ ಇರಲಿ.