ಗುಳೆ ಹೊರಡುವ ಮುನ್ನ ಮನೆಯಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಡು

ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ತಾಲ್ಲೂಕುಗಳ ಮಳೆಯಾಶ್ರಿತ ಊರುಗಳಲ್ಲಿ ಶೇಂಗಾ ಕಿತ್ತು ಮುಗಿದೊಡನೆ, ಮಳೆ ಕೈಕೊಟ್ಟ ವರ್ಷವಾದರೆ ಅದಕ್ಕೂ ಮೊದಲೇ, ಗಂಡಸರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಿಗೋ ಗುಳೆ ಹೊರಡುತ್ತಾರೆ. ಹೊರಡುವವರಿಗೆ ಬುತ್ತಿ ಕಟ್ಟುವಾಗ ಇರುವ ಕಾಳಜಿ, ಉಳಿಯುವವರಿಗೆ ಬೇಕಾದ ಏರ್ಪಾಡಿನ ವಿಷಯದಲ್ಲಿ ಇರುವುದಿಲ್ಲ. ಹೊರಡಲು ಒಂದು ವಾರವಿರುವಾಗಲೇ ಗಂಡ ಹೆಂಡತಿ ಒಟ್ಟಿಗೆ ಕುಳಿತು ಮುಂದಿನ ಸಂಗತಿಗಳನ್ನು ತೀರ್ಮಾನಿಸಿಕೊಳ್ಳಬೇಕು.

ಮೊದಲು ಒಂದು ನೋಟ್‌ಬುಕ್ ತನ್ನಿರಿ. ಮೇಸ್ತ್ರಿಯಿಂದ ಪಡೆದ ಮುಂಗಡ ಎಷ್ಟು, ದಿನಗೂಲಿ ಎಷ್ಟು, ಊಟ ವಸತಿಯ ಖರ್ಚು ಯಾರದು, ಬಟವಾಡೆ ವಾರಕ್ಕೋ ತಿಂಗಳಿಗೋ ಎಂಬುದನ್ನು ಮೇಸ್ತ್ರಿಯ ಎದುರಿನಲ್ಲೇ ಬರೆದು, ಅವನ ಫೋನ್ ನಂಬರನ್ನೂ ಕೆಲಸದ ಸ್ಥಳದ ಪೂರ್ತಿ ವಿಳಾಸವನ್ನೂ ಸೇರಿಸಿ, ಆ ಪುಟದ ಫೋಟೊವನ್ನು ಮನೆಯ ಫೋನಿನಲ್ಲಿ ಇಟ್ಟುಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಪ್ರತಿ ಹಾಜರಿ, ಪ್ರತಿ ಬಟವಾಡೆ ಅದೇ ಪುಸ್ತಕಕ್ಕೆ ಏರಬೇಕು.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮೆಕ್ಸಿಕೋದ ಒಂದು ಹಳೆಯ ಅನ್ಯಾಯ. 1942ರಿಂದ 1964ರವರೆಗೆ ಅಮೆರಿಕ ಮತ್ತು ಮೆಕ್ಸಿಕೋ ಸರ್ಕಾರಗಳ ಒಪ್ಪಂದದಡಿ ಹಾಲಿಸ್ಕೋ, ಮಿಚೋಆಕಾನ್, ಗುವಾನಾಹುವಾತೋ ಮುಂತಾದ ಪ್ರಾಂತ್ಯಗಳ ಹಳ್ಳಿಗಳಿಂದ ಗಂಡಸರು ಅಮೆರಿಕದ ಹೊಲಗಳಿಗೆ ದುಡಿಯಲು ಹೋದರು; ಒಟ್ಟು ಸುಮಾರು 46 ಲಕ್ಷ ಕರಾರುಗಳಾದವು. ಅವರನ್ನು ಕರೆಯುತ್ತಿದ್ದ ‘ಬ್ರಾಸೆರೊ’ ಎಂಬ ಹೆಸರು ತೋಳು ಎಂಬರ್ಥದ ಮಾತಿನಿಂದ ಬಂದದ್ದು, ಮತ್ತು ಕರಾರು ಬೇಡಿದ್ದೂ ತೋಳುಗಳನ್ನೇ, ಅಂದರೆ ಹೆಂಡತಿ ಮಕ್ಕಳು ಊರಲ್ಲೇ ಉಳಿಯಬೇಕಿತ್ತು. ಮೊದಲ ವರ್ಷಗಳಲ್ಲಿ ಕೂಲಿಯ ಶೇ. 10ರಷ್ಟನ್ನು ಉಳಿತಾಯವೆಂದು ಹಿಡಿದು ಮೆಕ್ಸಿಕೋದ ಬ್ಯಾಂಕುಗಳಿಗೆ ಕಳಿಸಲಾಯಿತು, ಆದರೆ ಆ ಹಣ ಬಹುಮಂದಿಯ ಕೈಸೇರಲೇ ಇಲ್ಲ. ವರ್ಷಗಟ್ಟಲೆ ಹೋರಾಡಿದ ನಂತರ 2005ರಲ್ಲಿ ಪರಿಹಾರ ನಿಧಿಗೆ ಕಾನೂನಾಗಿ ತಲಾ 38,000 ಪೆಸೊ ನಿಗದಿಯಾದಾಗ, ಹಳೆಯ ಕರಾರುಪತ್ರವನ್ನೋ ಸಂಬಳದ ಚೀಟಿಯನ್ನೋ ತೋರಿಸಲಾಗದ ಅನೇಕ ಮುದುಕರು ಹೊರಗುಳಿದರು. ಅವರು ದುಡಿದದ್ದು ಸುಳ್ಳಾಗಿರಲಿಲ್ಲ. ಕೈಯಲ್ಲಿ ಕಾಗದವಿರಲಿಲ್ಲ, ಅಷ್ಟೆ.

ಎರಡನೆಯದು ಮನೆಯಲ್ಲಿ ಉಳಿಯುವ ಹೆಣ್ಣುಮಗಳ ಅಧಿಕಾರ. ಹೊಲದ ಕೆಲಸವೆಲ್ಲ ಅವಳ ಮೇಲೆ ಬಿದ್ದರೂ ಪಹಣಿ ಗಂಡನ ಹೆಸರಿನಲ್ಲಿರುತ್ತದೆ, ಬೆಳೆ ಪರಿಹಾರ ಅವನ ಖಾತೆಗೆ ಬೀಳುತ್ತದೆ, ಆಧಾರ್‌ಗೆ ಜೋಡಿಸಿದ ಫೋನ್ ಅವನ ಜೇಬಿನಲ್ಲಿ ಬೆಂಗಳೂರು ಸೇರಿರುತ್ತದೆ. ಬೆಳೆ ವಿಮೆಗೋ ಪಿಂಚಣಿಗೋ ಅರ್ಜಿ ಹಾಕಲು ಕುಳಿತಾಗ ಓಟಿಪಿ ಬರುವುದು ಸಾರವೆ ಮೇಲೆ ನಿಂತಿರುವವರಿಗೆ! ಆದ್ದರಿಂದ ಹೆಂಡತಿಯ ಆಧಾರ್‌ಗೆ ಅವಳದೇ ನಂಬರನ್ನು ಜೋಡಿಸಿ, ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ತೆರೆದು, ಪಹಣಿ, ಪಾಸ್‌ಬುಕ್, ಪಡಿತರ ಚೀಟಿಗಳ ಪ್ರತಿಗಳನ್ನು ಅವಳ ವಶಕ್ಕೆ ಕೊಡಬೇಕು. ಯಾರ ಸಾಲ ಎಷ್ಟಿದೆ ಎಂಬುದನ್ನೂ ಅವಳಿಗೆ ಮುಚ್ಚಿಡದೆ ಹೇಳಬೇಕು. ಗಂಡ ಇಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದ ಸಾಲ ಕೊಟ್ಟವನಿಂದ ಮೊತ್ತ ತಿಳಿಯುವುದಕ್ಕಿಂತ ದೊಡ್ಡ ಅವಮಾನ ಅವಳಿಗೆ ಬೇರೆ ಇಲ್ಲ.

ಕಳಿಸುವ ಹಣ ಯಾರ ಕೈಗೆ ಎಂಬುದು ನಾಜೂಕಿನ ಪ್ರಶ್ನೆ. ಮೆಕ್ಸಿಕೋದ ಹಳ್ಳಿಗಳಲ್ಲಿಯೂ ಎಷ್ಟೋ ಸೊಸೆಯರು ಗಂಡನ ಹೆತ್ತವರ ಮನೆಯಲ್ಲೇ ಇದ್ದು, ಗಂಡ ಕಳಿಸಿದ ಹಣಕ್ಕೆ ಅತ್ತೆ ಮಾವನ ಕೈ ನೋಡಬೇಕಾಗಿತ್ತು. ನಮ್ಮಲ್ಲಿ ಇದು ಹೊಸದಲ್ಲ. ಮನೆಖರ್ಚು ಮತ್ತು ಮಕ್ಕಳ ಓದಿನ ಹಣ ಹೆಂಡತಿಗೆ, ಹಿರಿಯರ ಔಷಧಿಯ ಹಣ ಪ್ರತ್ಯೇಕವಾಗಿ ಹಿರಿಯರಿಗೆ ಎಂದು ಹೊರಡುವ ಮುನ್ನವೇ ಅಪ್ಪ ಅವ್ವಂದಿರ ಎದುರಿನಲ್ಲಿ ಮಗನೇ ಬಾಯಿಬಿಟ್ಟು ಹೇಳಲಿ. ಈ ಮಾತನ್ನು ಸೊಸೆಯ ಬಾಯಿಂದ ಹೇಳಿಸಬಾರದು.

ಮಕ್ಕಳ ವಿಷಯದಲ್ಲಿ ಒಂದೇ ಮಾತು: ಅಪ್ಪ ಎಲ್ಲಿಗೆ ಹೋಗುತ್ತಾನೆ, ಯಾವ ಹಬ್ಬಕ್ಕೆ ಬರುತ್ತಾನೆ ಎಂಬುದನ್ನು ಅವರಿಗೆ ನಿಜವಾಗಿ ಹೇಳಿ, ಶಾಲೆಯ ಮೇಷ್ಟ್ರಿಗೂ ತಿಳಿಸಿ. ಅಪ್ಪ ಹೋದ ಮೇಲೆ ದನ ಕಾಯಲು, ತಂಗಿಯನ್ನು ನೋಡಿಕೊಳ್ಳಲು ಹಿರಿಯ ಮಗುವನ್ನು ಶಾಲೆ ಬಿಡಿಸುವುದು ಸದ್ದಿಲ್ಲದೆ ನಡೆಯುತ್ತದೆ.

ಉಳಿದವು ಒಂದು ದಿನದ ಕೆಲಸ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಬ್ಯಾಂಕಿನಲ್ಲಿ ಮಾಡಿಸಿ, ಹೆಂಡತಿಯನ್ನು ನಾಮಿನಿಯಾಗಿ ಬರೆಸಿ. ಅಪಘಾತದಲ್ಲಿ ಸಾವು ಸಂಭವಿಸಿದರೆ 2 ಲಕ್ಷ ರೂಪಾಯಿ ಬರುತ್ತದೆ. ಕಳೆದ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕೂಲಿ ಕೊಡದಿದ್ದರೆ ಉಚಿತ ಕಾನೂನು ನೆರವಿಗೆ 15100 ಸಂಖ್ಯೆಗೆ ಕರೆ ಮಾಡಬಹುದು.

ಮರಳಿ ಬಂದ ದಿನ ನೋಟ್‌ಬುಕ್ಕನ್ನು ಮತ್ತೆ ತೆರೆದು, ಮನೆಯಲ್ಲಿ ಖರ್ಚಾದದ್ದನ್ನೂ ಅಲ್ಲಿ ದುಡಿದದ್ದನ್ನೂ ಇಬ್ಬರೂ ಕೂಡಿ ಲೆಕ್ಕ ಹಾಕಬೇಕು. ಆ ಲೆಕ್ಕ ಮುಗಿಯುವವರೆಗೆ ಮೇಸ್ತ್ರಿಯಿಂದ ಮುಂದಿನ ವರ್ಷದ ಮುಂಗಡ ಮುಟ್ಟಬಾರದು.